ವರ್ಷಗಟ್ಟಲೆ ನಿಂತ ಬೈಕನ್ನು ಮತ್ತೆ ಚಾಲೂ ಮಾಡುವಾಗ ಪೆಟ್ರೋಲ್ ಮತ್ತು ಕರೆಂಟಿನ ದೋಷ ಹುಡುಕುವ ಕ್ರಮ

ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಊರುಗಳಲ್ಲಿ ದುಡಿಮೆಗೆಂದು ಹೈದರಾಬಾದ್, ಪುಣೆ, ಬೆಂಗಳೂರಿಗೆ ಹೋದವರ ಬೈಕುಗಳು ಪಡಸಾಲೆಯಲ್ಲೋ ದನದ ಕೊಟ್ಟಿಗೆಯಲ್ಲೋ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಂತಿರುತ್ತವೆ. ಹಬ್ಬಕ್ಕೋ ತೊಗರಿ ರಾಶಿಗೋ ಊರಿಗೆ ಬಂದವರು ಹಳೆಯ ಪೆಟ್ರೋಲಿನ ಮೇಲೆಯೇ ಒಂದು ಲೀಟರ್ ಹೊಸದನ್ನು ಸುರಿದು, ಕಾಲು ಸೋಲುವವರೆಗೆ ಕಿಕ್ ಹೊಡೆಯುತ್ತಾರೆ. ಇದರಿಂದ ಟ್ಯಾಂಕಿನ ತಳದಲ್ಲಿ ಕುಳಿತಿದ್ದ ತುಕ್ಕು, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿಗೆ ಇಳಿಯುತ್ತದೆ, ಅರೆಜೀವವಾಗಿದ್ದ ಬ್ಯಾಟರಿ ಪೂರ್ತಿ ಬೀಳುತ್ತದೆ, ಒಣಗಿದ ಸಿಲಿಂಡರಿನ ಗೋಡೆಗೆ ಗೀರು ಬೀಳುವ ಸಂಭವವೂ ಇರುತ್ತದೆ. ಆಮೇಲೆ ಮೆಕ್ಯಾನಿಕ್‌ ಹತ್ತಿರ ತಳ್ಳಿಕೊಂಡು ಹೋದರೆ ಅಂದಾಜಿನ ಮೇಲೆ ಸಿಡಿಐ (ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿ), ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ), ಬ್ಯಾಟರಿ ಎಲ್ಲವೂ ಬದಲಾಗಿ ಸಾವಿರಾರು ರೂಪಾಯಿ ಹೋಗುತ್ತದೆ. ನಿಜವಾದ ದೋಷವಾದರೋ ಬಹಳ ಸಲ ಕಾರ್ಬೊರೇಟರಿನೊಳಗೆ ಪೆಟ್ರೋಲ್ ಹರಿಯುವ, ಕೂದಲೆಳೆಯಷ್ಟು ಸಣ್ಣ ತೂತಿನ ಒಂದು ಜೆಟ್‌ನಲ್ಲಿ ಅಥವಾ ಹಸಿರುಗಟ್ಟಿದ ಒಂದು ಅರ್ಥ್ ವೈರಿನಲ್ಲಿ (ಬ್ಯಾಟರಿಯ ನೆಗೆಟಿವನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಕೂಡಿಸುವ ವೈರ್) ಇರುತ್ತದೆ. ಆದ್ದರಿಂದ ಪೆಟ್ರೋಲ್ ಬರುತ್ತಿದೆಯೇ ಎಂಬುದನ್ನೂ ಕಿಡಿ ಬರುತ್ತಿದೆಯೇ ಎಂಬುದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಉತ್ತರ ಸಿಕ್ಕ ಮೇಲಷ್ಟೇ ಬಿಡಿಭಾಗಕ್ಕೆ ಹಣ ಹಾಕಬೇಕು.

ನಮ್ಮ ಭಾಗದ ಹವೆ ನಿಂತ ಗಾಡಿಗೆ ವಿಶೇಷವಾಗಿ ಕಠಿಣವಾದುದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ತಲುಪಿದಾಗ ಪೆಟ್ರೋಲಿನಲ್ಲಿ ಬೇಗ ಹೊತ್ತಿಕೊಳ್ಳುವ ಹಗುರವಾದ ಅಂಶಗಳು ಮೊದಲು ಆವಿಯಾಗಿ ಹೋಗುತ್ತವೆ. ತಣ್ಣಗಿರುವ ಎಂಜಿನ್ ಚಾಲೂ ಆಗುವುದು ಆ ಅಂಶಗಳಿಂದಲೇ; ಅವು ಹೋದ ಮೇಲೆ ಉಳಿಯುವುದು ಭಾರವಾದ ದ್ರವ ಮತ್ತು ಅಂಟು. ಮಳೆಗಾಲದಲ್ಲಿ ಅರ್ಧ ಖಾಲಿ ಇರುವ ಟ್ಯಾಂಕಿನೊಳಗೆ ಗಾಳಿಯ ತೇವ ಹನಿಗಟ್ಟಿ ತುಕ್ಕು ಶುರುವಾಗುತ್ತದೆ. ಇದಕ್ಕೆ ಎಥನಾಲ್ ಕೂಡಿಕೊಂಡಿದೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಈಗ ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಮಿತಿ ಮೀರಿದಾಗ ಆ ನೀರಿನೊಡನೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಎಳೆದುಕೊಳ್ಳುವುದು ತಳದ ಹತ್ತಿರದಿಂದಲೇ ಆದ್ದರಿಂದ ಕಾರ್ಬೊರೇಟರಿಗೆ ಮೊದಲು ಹೋಗುವುದು ಹೊತ್ತದ ಈ ಮಿಶ್ರಣ.

ಕಿಕ್‌ಗೆ ಕಾಲಿಡುವ ಮೊದಲು

ಗಾಡಿಯನ್ನು ಮನೆಯಿಂದ ಹೊರಗೆ, ಗಾಳಿಯಾಡುವ ನೆರಳಿಗೆ ತರಬೇಕು. ಒಲೆ, ಬೀಡಿ, ದೇವರ ದೀಪ ಯಾವುದೂ ಹತ್ತಿರ ಇರಬಾರದು. ಹೊರಗೆ ತರುವಾಗ ಅದು ನಿಂತಿದ್ದ ಜಾಗವನ್ನೊಮ್ಮೆ ನೋಡಬೇಕು: ಶಹಾಬಾದ್ ಪರಸಿಯ ಮೇಲೆ ಕಾರ್ಬೊರೇಟರಿನ ನೇರಕ್ಕೆ ಕಪ್ಪು ಕಲೆಯಿದ್ದರೆ ಪೆಟ್ರೋಲ್ ಸೋರಿದೆ ಎಂದು ತಿಳಿಯುತ್ತದೆ, ಎಂಜಿನ್ನಿನ ನೇರಕ್ಕಿದ್ದರೆ ಆಯಿಲ್ ಸೋರಿರಬಹುದು.

ತೊಗರಿ, ಜೋಳದ ಚೀಲಗಳ ಪಕ್ಕದಲ್ಲಿ ನಿಂತ ಗಾಡಿಯಾಗಿದ್ದರೆ ಇಲಿ ಹೊಕ್ಕಿಯೇ ಇರುತ್ತದೆ ಎಂದುಕೊಂಡು ಕೆಲಸ ಶುರು ಮಾಡುವುದು ಒಳ್ಳೆಯದು. ಸೀಟು ತೆಗೆದು, ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಬೇಕು. ಅಲ್ಲಿ ಹೊಟ್ಟು, ಗೋಣಿಯ ನಾರು, ಹರಿದ ಫಿಲ್ಟರ್ ಸಿಗುವುದು ಸಾಮಾನ್ಯ. ಸೈಲೆನ್ಸರಿನ ಬಾಯಿಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟುತ್ತದೆ. ಗಾಳಿ ಹೋಗಲು ದಾರಿಯಿಲ್ಲದಿದ್ದರೆ ಪೆಟ್ರೋಲ್, ಕಿಡಿ ಎರಡೂ ಸರಿಯಿದ್ದರೂ ಎಂಜಿನ್ ಏಳುವುದಿಲ್ಲ.

ಆಮೇಲೆ ಆಯಿಲ್ ಕಡ್ಡಿ ತೆಗೆದು ಮಟ್ಟ ನೋಡಬೇಕು, ಮೂಸಿಯೂ ನೋಡಬೇಕು. ಮಟ್ಟವು ಮೇಲಿನ ಗೆರೆಗಿಂತ ಹೆಚ್ಚಾಗಿದ್ದು ಪೆಟ್ರೋಲ್ ವಾಸನೆ ಬರುತ್ತಿದ್ದರೆ, ಕಾಕ್ ತೆರೆದೇ ಇದ್ದು ಕಾರ್ಬೊರೇಟರಿನ ಮೂಲಕ ಪೆಟ್ರೋಲ್ ಎಂಜಿನ್ನಿನೊಳಗೆ ಇಳಿದಿದೆ ಎಂದರ್ಥ. ಅಂಥ ಆಯಿಲ್ ತೆಳುವಾಗಿ ಬೇರಿಂಗನ್ನು ಕಾಪಾಡುವ ಶಕ್ತಿ ಕಳೆದುಕೊಂಡಿರುತ್ತದೆ; ಅದನ್ನು ಬದಲಿಸದೆ ಎಂಜಿನ್ ಚಾಲೂ ಮಾಡಲೇಬಾರದು. ಕೊನೆಗೆ ಸಿಲಿಂಡರಿನೊಳಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ಆ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ, ಅರ್ಧ ಗಂಟೆ ಬಿಟ್ಟು, ಚಾವಿ ಆಫ್ ಇಟ್ಟು ಕೈಯಿಂದ ಕಿಕ್ಕನ್ನು ನಿಧಾನವಾಗಿ ಒತ್ತಬೇಕು. ತಡೆಯಿಲ್ಲದೆ ತಿರುಗಿದರೆ ಮುಂದುವರಿಯಬಹುದು. ಬಿಗಿ ಹಿಡಿದಿದ್ದರೆ ಬಲ ಹಾಕದೆ ಅಲ್ಲಿಗೇ ನಿಲ್ಲಿಸಿ ಬಲ್ಲವರಿಗೆ ತೋರಿಸಬೇಕು.

ಟ್ಯಾಂಕ್ ಮತ್ತು ಕಾಕ್

ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಬೇಕು, ಉಳಿಸಿಕೊಳ್ಳುವ ಆಸೆ ಬೇಡ. ಸ್ವಲ್ಪವನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲುಗಾಡಿಸದೆ ಇಟ್ಟರೆ ಅದರ ಸ್ಥಿತಿ ತಾನೇ ಹೇಳುತ್ತದೆ. ಬಣ್ಣ ಗಾಢವಾಗಿ ತಿರುಗಿ, ಪೆಟ್ರೋಲಿನ ಚುರುಕಾದ ವಾಸನೆಯ ಬದಲು ವಾರ್ನಿಶ್‌ನಂಥ ಹುಳಿ ವಾಸನೆ ಬಂದರೆ ಅದು ಹಳಸಿದೆ. ಎರಡು ಪದರವಾಗಿ ನಿಂತರೆ ಕೆಳಗಿನದು ನೀರು ಕುಡಿದ ಎಥನಾಲ್. ತಳದಲ್ಲಿ ಕೆಂಪು ಪುಡಿ ಕುಳಿತರೆ ತುಕ್ಕು. ಇಳಿಸಿದ ಪೆಟ್ರೋಲನ್ನು ಚರಂಡಿಗಾಗಲಿ ಹೊಲದ ಬದುವಿಗಾಗಲಿ ಸುರಿಯಬಾರದು, ಕಸ ಸುಡಲು ಬಳಸುವುದಂತೂ ಜೀವಕ್ಕೇ ಅಪಾಯ. ಮುಚ್ಚಳವಿರುವ ಕ್ಯಾನಿನಲ್ಲಿ ಗ್ಯಾರೇಜಿಗೆ ಕೊಟ್ಟರೆ ಬಿಡಿಭಾಗ ತೊಳೆಯಲು ಅವರು ಬಳಸುತ್ತಾರೆ.

ಟ್ಯಾಂಕಿನೊಳಗೆ ನೋಡಲು ಸಣ್ಣ ಬ್ಯಾಟರಿ ಟಾರ್ಚ್ ಸಾಕು, ಬೆಂಕಿಕಡ್ಡಿ ಗೀರಬಾರದು. ತೆಳುವಾದ ತುಕ್ಕಿದ್ದರೆ ಬಿಸಿನೀರಿನಲ್ಲಿ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ, ಕಾಕ್ ಬಿಚ್ಚಿ ಆ ತೂತನ್ನು ಮುಚ್ಚಿ, ಟ್ಯಾಂಕ್ ತುಂಬಿ ಒಂದು ರಾತ್ರಿ ಬಿಡಬಹುದು. ಮರುದಿನ ಅದನ್ನು ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಮತ್ತೆ ಬರೀ ನೀರಿನಿಂದ ತೊಳೆದು ಕೂಡಲೇ ಒಣಗಿಸಬೇಕು. ತೊಳೆದ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಾಗುತ್ತದೆ. ಈ ಕೆಲಸಕ್ಕೆ ನಮ್ಮ ಬೇಸಿಗೆಯ ಬಿಸಿಲು ಬಹಳ ಉಪಕಾರಿ. ತೇವ ಪೂರ್ತಿ ಆರಿ, ಟ್ಯಾಂಕ್ ತಣ್ಣಗಾದ ಮೇಲೆ ಸ್ವಲ್ಪ ಹೊಸ ಪೆಟ್ರೋಲ್ ಹಾಕಿ ತಿರುವಿ, ಅದನ್ನೂ ಹಳೆಯ ಪೆಟ್ರೋಲಿನ ಕ್ಯಾನಿಗೇ ಇಳಿಸಬೇಕು. ತುಕ್ಕು ಪದರಪದರವಾಗಿ ಏಳುತ್ತಿದ್ದರೆ ಅಥವಾ ಬೆಸುಗೆಯ ಹತ್ತಿರ ಹನಿ ಕಾಣುತ್ತಿದ್ದರೆ ಈ ಉಪಾಯ ಸಾಲದು, ಟ್ಯಾಂಕನ್ನೇ ಬದಲಿಸಬೇಕಾಗುತ್ತದೆ.

ಕಾಕ್‌ನ ಮೇಲಿರುವ ಜಾಲರಿಯನ್ನು ತೊಳೆದು ಕೂಡಿಸಿ, ಎರಡು ಲೀಟರಿನಷ್ಟು ಹೊಸ ಪೆಟ್ರೋಲ್ ಹಾಕಿ, ಪೈಪನ್ನು ಕಾರ್ಬೊರೇಟರಿನಿಂದ ಬಿಚ್ಚಿ ಬಾಟಲಿಗೆ ಹಿಡಿದು ಕಾಕ್ ತೆರೆಯಬೇಕು. ಪೆಟ್ರೋಲ್ ಧಾರೆಯಾಗಿ ಬೀಳಬೇಕೇ ಹೊರತು ಹನಿಹನಿಯಾಗಿ ಅಲ್ಲ. ಎಂಜಿನ್ ತಿರುಗಿದಾಗ ಮಾತ್ರ ತೆರೆದುಕೊಳ್ಳುವ ಕಾಕ್ ಕೆಲವು ಮಾದರಿಗಳಲ್ಲಿ ಇರುವುದರಿಂದ, ಅಂಥ ಗಾಡಿಯಲ್ಲಿ ಪೆಟ್ರೋಲ್ ಬೀಳದಿದ್ದರೆ ಗಾಬರಿಯಾಗಬೇಕಿಲ್ಲ. ಧಾರೆ ಚೆನ್ನಾಗಿ ಶುರುವಾಗಿ ಕ್ರಮೇಣ ಸಣ್ಣದಾಗುತ್ತಿದ್ದು, ಮುಚ್ಚಳ ತೆರೆದ ಕೂಡಲೇ ಮತ್ತೆ ಜೋರಾದರೆ, ಮುಚ್ಚಳದಲ್ಲಿರುವ ಗಾಳಿಯ ತೂತು ಧೂಳಿನಿಂದ ಕಟ್ಟಿದೆ. ಐದು ನಿಮಿಷ ಓಡಿ ನಿಲ್ಲುವ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏಳುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಈ ತೂತನ್ನೇ. ಹಳೆಯ ಪೆಟ್ರೋಲ್ ಪೈಪ್ ಬಾಗಿಸಿದಾಗ ಬಿರುಕು ಕಂಡರೆ ಎರಡನೆಯ ಯೋಚನೆಯಿಲ್ಲದೆ ಬದಲಿಸಬೇಕು.

ಕಾರ್ಬೊರೇಟರ್

2020ರ ಏಪ್ರಿಲ್ 1ರಂದು ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬರುವ ಮುಂಚಿನ ನಮ್ಮ ಸಾಮಾನ್ಯ ಗಾಡಿಗಳಲ್ಲಿ ಹೆಚ್ಚಿನವು ಕಾರ್ಬೊರೇಟರ್ ಇರುವವೇ. ನಿಂತ ಗಾಡಿಯ ಪೆಟ್ರೋಲ್ ದೋಷಗಳ ಪೈಕಿ ಬಹುಪಾಲು ಇಲ್ಲಿಯೇ ಇರುವುದರಿಂದ ಇದಕ್ಕೆ ಒಂದು ಮಧ್ಯಾಹ್ನವನ್ನೇ ಕೊಡಬೇಕು.

ಮೊದಲು ಕೆಳಗಿನ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಏನು ಬರುತ್ತದೆಂದು ನೋಡಬೇಕು. ಕಾಕ್ ತೆರೆದಿದ್ದರೂ ಏನೂ ಬಾರದಿದ್ದರೆ ಬಟ್ಟಲಿಗೆ ಪೆಟ್ರೋಲ್ ಬಿಡುವ, ತಡೆಯುವ ಫ್ಲೋಟ್ ಸೂಜಿ ಅಂಟಿಕೊಂಡಿದೆ. ಬಟ್ಟಲಿಗೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ಬಿಡುತ್ತದೆ. ಇದಕ್ಕೆ ವಿರುದ್ಧವಾಗಿ ಹೊರಪೈಪಿನಿಂದ ಪೆಟ್ರೋಲ್ ಸುರಿಯುತ್ತಲೇ ಇದ್ದರೆ ಸೂಜಿಯ ತುದಿಯಲ್ಲಿ ಕಸ ಕುಳಿತಿದೆ ಅಥವಾ ಅದು ಸವೆದಿದೆ. ಎರಡರಲ್ಲಿ ಯಾವುದೇ ಆಗಿರಲಿ, ಬಿಚ್ಚಿ ತೊಳೆಯುವುದೇ ಖಾತ್ರಿಯಾದ ದಾರಿ.

ಬಟ್ಟಲಿನ ಸ್ಕ್ರೂಗಳು ಮೆದು ಲೋಹದವು. ತಲೆಗೆ ಸರಿಯಾಗಿ ಕೂಡುವ ಸ್ಕ್ರೂಡ್ರೈವರನ್ನೇ ಬಳಸಿ, ಕೆಳಕ್ಕೆ ಒತ್ತಿ ತಿರುಗಿಸದಿದ್ದರೆ ತಲೆ ಹಾರುತ್ತದೆ. ಬಟ್ಟಲು ಕಳಚಿದಾಗ ತಳದಲ್ಲಿ ಬೆಲ್ಲದ ಪಾಕ ಒಣಗಿದಂತೆ ಕಂದು ಪೊರೆಯೂ ಅಂಚಿನಲ್ಲಿ ಬಿಳಿಯ ಪುಡಿಯೂ ಕಾಣುತ್ತವೆ. ಪೊರೆ ಪೆಟ್ರೋಲಿನ ಅಂಟು, ಬಿಳಿಯ ಪುಡಿ ನೀರಿನಿಂದ ತಿಂದುಹೋದ ಅಲ್ಯುಮಿನಿಯಂ. ಒಳಗೆ ಎರಡು ಹಿತ್ತಾಳೆಯ ಜೆಟ್‌ಗಳಿರುತ್ತವೆ. ದೊಡ್ಡದು ಮೇನ್ ಜೆಟ್, ಅದು ಕಟ್ಟುವುದು ಕಡಿಮೆ. ಸಣ್ಣದು ಪೈಲಟ್ ಜೆಟ್. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ, ಮತ್ತು ಎಂಜಿನ್ ಏಳುವುದೂ ನಿಧಾನಗತಿಯಲ್ಲಿ ಓಡುತ್ತಿರುವುದೂ ಅದರಿಂದಲೇ. ಅದನ್ನು ಬಿಚ್ಚಿ ಆಕಾಶದ ಕಡೆ ಹಿಡಿದು ಒಂದು ಕಣ್ಣಿನಿಂದ ನೋಡಬೇಕು. ದುಂಡಗಿನ, ಅಂಚು ಚೂಪಾದ ಬೆಳಕಿನ ಚುಕ್ಕೆ ಕಂಡರೆ ತೂತು ಶುದ್ಧವಾಗಿದೆ. ಚುಕ್ಕೆ ಅರ್ಧಚಂದ್ರದ ಆಕಾರದಲ್ಲಿ ಕಂಡರೆ ಅಂಟು ಇನ್ನೂ ಉಳಿದಿದೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಸ್ವಲ್ಪ ಹೊತ್ತು ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಆಗದಿದ್ದರೆ ವೈರಿನಿಂದ ಬಿಡಿಸಿದ ತಾಮ್ರದ ಒಂದೇ ಎಳೆಯನ್ನು ತೂರಿಸಬಹುದು. ಸೂಜಿ, ಪಿನ್ನು, ಉಕ್ಕಿನ ತಂತಿ ಮಾತ್ರ ಖಂಡಿತ ಬೇಡ. ಹಿತ್ತಾಳೆ ಮೆದುವಾದುದರಿಂದ ತೂತು ಅಗಲವಾಗಿ ಗಾಡಿ ಮುಂದೆಂದೂ ಸರಿಯಾದ ಆವರೇಜ್ ಕೊಡುವುದಿಲ್ಲ.

ಪೆಟ್ರೋಲ್-ಗಾಳಿಯ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಹಗುರವಾಗಿ ಒಳಕ್ಕೆ ತಿರುಗಿಸುತ್ತ ಎಷ್ಟು ಸುತ್ತಿಗೆ ತಳ ಮುಟ್ಟಿತೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಕೂಡಿಸುವಾಗ ಅಷ್ಟೇ ಸುತ್ತು ಹೊರಗೆ ತರಬೇಕು. ಮೇಲ್ಭಾಗದಲ್ಲಿ ರಬ್ಬರ್ ಪೊರೆ ಇರುವ ಕಾರ್ಬೊರೇಟರ್ ಆಗಿದ್ದರೆ ಅದಕ್ಕೆ ಸ್ಪ್ರೇ ತಾಗಬಾರದು, ರಬ್ಬರ್ ಉಬ್ಬುತ್ತದೆ. ಸ್ಪ್ರೇ ಒಂದು ತೂತಿನಲ್ಲಿ ಹೊಕ್ಕು ಇನ್ನೊಂದರಿಂದ ಕಣ್ಣಿಗೇ ಚಿಮ್ಮುವುದರಿಂದ ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡಬೇಕು.

ತೊಳೆದು ಕೂಡಿಸಿದ ಮೇಲೂ ಚೋಕ್ ಎಳೆದಾಗ ಮಾತ್ರ ಓಡಿ, ಚೋಕ್ ಬಿಟ್ಟ ಕೂಡಲೇ ನಿಲ್ಲುವುದಾದರೆ ಎರಡೇ ಕಾರಣಗಳು: ಪೈಲಟ್ ಜೆಟ್‌ನ ದಾರಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಇಲ್ಲವೇ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕುಬಿಟ್ಟು ಬೇಡದ ಗಾಳಿ ಎಳೆಯುತ್ತಿದೆ.

ಬಿಎಸ್-6 ಗಾಡಿಗಳ ಪೈಕಿ ಹೆಚ್ಚಿನವುಗಳಲ್ಲಿ ಕಾರ್ಬೊರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಇಂಜೆಕ್ಟರ್ ಇರುತ್ತದೆ. ಚಾವಿ ಆನ್ ಮಾಡಿದಾಗ ಟ್ಯಾಂಕಿನಿಂದ ಎರಡು ಮೂರು ಸೆಕೆಂಡು ಗುಂಯ್‌ಗುಡುವ ಸದ್ದು ಬಂದರೆ ಪಂಪ್ ಜೀವಂತವಾಗಿದೆ. ಸದ್ದು ಬಾರದಿದ್ದರೆ ಬ್ಯಾಟರಿ, ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಕಿಲ್ ಸ್ವಿಚ್ (ಎಂಜಿನ್ ನಿಲ್ಲಿಸಲು ಹ್ಯಾಂಡಲಿನಲ್ಲಿರುವ ಸ್ವಿಚ್) ಈ ಕ್ರಮದಲ್ಲಿ ನೋಡಬೇಕು. ಸದ್ದು ಬಂದೂ ಎಂಜಿನ್ ಏಳದಿದ್ದರೆ ಮೀಟರಿನ ಎಂಜಿನ್ ದೀಪ ಹೇಗೆ ಮಿಣುಕುತ್ತದೆ ಎಂಬುದನ್ನು ಗುರುತಿಟ್ಟುಕೊಂಡು ಸರ್ವಿಸ್ ಸೆಂಟರಿಗೆ ಹೇಳುವುದು ಲೇಸು. ಆ ಪೈಪಿನಲ್ಲಿ ಪೆಟ್ರೋಲ್ ಒತ್ತಡದಲ್ಲಿ ನಿಂತಿರುವುದರಿಂದ ಮನೆಯಲ್ಲಿ ಬಿಚ್ಚುವುದು ಸರಿಯಲ್ಲ.

ಬ್ಯಾಟರಿ

ಕರೆಂಟಿನ ಕೆಲಸಕ್ಕೆ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಸಾಕು. ಅದರ ಬೆಲೆ ತಪ್ಪಾಗಿ ಬದಲಿಸಿದ ಒಂದು ಸಿಡಿಐಗಿಂತ ಕಡಿಮೆ. ಬ್ಯಾಟರಿಯ ಎರಡು ತುದಿಗೆ ಹಿಡಿದಾಗ 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಅದು ತುಂಬಿದೆ, 12ಕ್ಕೆ ಇಳಿದಿದ್ದರೆ ಬಹುತೇಕ ಖಾಲಿಯಾಗಿದೆ, 10.5ಕ್ಕಿಂತ ಕೆಳಗಿದ್ದು ಚಾರ್ಜಿಗೂ ಮೇಲೇಳದಿದ್ದರೆ ಒಂದು ಸೆಲ್ ಸತ್ತಿದೆ ಎಂದೇ ತಿಳಿಯಬಹುದು. ಬಿಚ್ಚುವಾಗ ಮೊದಲು ನೆಗೆಟಿವ್, ಕೂಡಿಸುವಾಗ ಕೊನೆಗೆ ನೆಗೆಟಿವ್. ಚಾರ್ಜ್ ಮಾಡುವಾಗ ಬ್ಯಾಟರಿಯ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟೇ ಕರೆಂಟ್ ಕೊಡಬೇಕು; 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್. ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲಿನಲ್ಲಿಟ್ಟು ಜೋರಾಗಿ ಚಾರ್ಜ್ ಮಾಡಿಸಿದರೆ ಸಣ್ಣ ಬ್ಯಾಟರಿಯ ಪ್ಲೇಟುಗಳು ಬಾಗುತ್ತವೆ. ನೀರು ಹಾಕುವ ಬಗೆಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಸಲ್ಲುತ್ತದೆ. ಕೊಳವೆಬಾವಿಯ ಗಡಸು ನೀರು ಅದಕ್ಕೆ ವಿಷವೇ. ಚಾರ್ಜ್ ಆದ ಮೇಲೆ ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಬೇಕು, ಏಕೆಂದರೆ ಚಾರ್ಜರಿನಿಂದ ಆಗತಾನೆ ಬಿಚ್ಚಿದಾಗ ಎಲ್ಲ ಬ್ಯಾಟರಿಯೂ ಚೆನ್ನಾಗಿಯೇ ತೋರುತ್ತದೆ.

ಕಿಡಿ

ಹಲವು ಸಲ ಕಿಕ್ ಹೊಡೆದ ಮೇಲೆ ಪ್ಲಗ್ ಬಿಚ್ಚಿ ತುದಿಯನ್ನು ನೋಡಬೇಕು. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಮತ್ತೆ ಕಾರ್ಬೊರೇಟರಿನ ಕಡೆಗೇ ಹೋಗಬೇಕು. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಕಿಡಿಯಲ್ಲಿ ತೊಡಕಿದೆ. ದೋಷ ಯಾವ ಕಡೆಗಿದೆ ಎಂಬುದನ್ನು ಇಷ್ಟು ಅಗ್ಗವಾಗಿ ತಿಳಿಸುವ ಪರೀಕ್ಷೆ ಬೇರೊಂದಿಲ್ಲ.

ಕಿಡಿ ನೋಡಲು ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ನಿನ ಬಣ್ಣವಿಲ್ಲದ ಜಾಗಕ್ಕೆ ಬಿಗಿಯಾಗಿ ತಾಗುವಂತೆ ಇಡಬೇಕು. ಸಿಲಿಂಡರಿನ ತೂತನ್ನು ಬಟ್ಟೆಯಿಂದ ಮುಚ್ಚಿ, ಚೆಲ್ಲಿದ ಪೆಟ್ರೋಲ್ ಪೂರ್ತಿ ಆರಿದ ಮೇಲಷ್ಟೇ ಕಿಕ್ ಹೊಡೆಯಬೇಕು. ಪ್ಲಗ್ ಎಲ್ಲಿಗೂ ತಾಗಿಸದೆ ಕಿಕ್ ಹೊಡೆದರೆ ಸಿಡಿಐ ಕೆಡಬಹುದು. ನೀಲಿ ಬಣ್ಣದ, ಚಟಕ್ಕೆನ್ನುವ ಕಿಡಿ ಒಳ್ಳೆಯದು. ಹಳದಿಯ, ಬಡಕಲಾದ ಕಿಡಿ ಸಾಲದು.

ಕಿಡಿ ಇಲ್ಲವೇ ಇಲ್ಲವಾದರೂ ಕೂಡಲೇ ಸಿಡಿಐ ಕೊಳ್ಳಬಾರದು. ಪ್ಲಗ್ ಕ್ಯಾಪ್ ತಿರುಗಿಸಿ ಬಿಚ್ಚಿ, ವೈರಿನ ತುದಿ ಹಸಿರುಗಟ್ಟಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ಕೂಡಿಸಬೇಕು. ಕಿಲ್ ಸ್ವಿಚ್ಚಿನೊಳಗೆ ಧೂಳು, ತೇವ ಸೇರಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಲವು ಸಲ ಆನ್-ಆಫ್ ಮಾಡಬೇಕು. ಸೈಡ್ ಸ್ಟ್ಯಾಂಡ್ ಸ್ವಿಚ್ ಇರುವ ಗಾಡಿಗಳಲ್ಲಿ ನಮ್ಮ ಕಪ್ಪು ಮಣ್ಣು ಮೆತ್ತಿ ಗಟ್ಟಿಯಾಗಿ, ಸ್ಟ್ಯಾಂಡ್ ಎತ್ತಿದ್ದರೂ ಇಳಿದಿದೆ ಎಂದೇ ಸ್ವಿಚ್ ಹೇಳುತ್ತಿರುತ್ತದೆ. ಇದನ್ನೆಲ್ಲ ನೋಡಿದ ಮೇಲೆ, ಅದೇ ಮಾದರಿಯ ಓಡುತ್ತಿರುವ ಗಾಡಿಯೊಂದು ಪಕ್ಕದ ಮನೆಯಲ್ಲಿದ್ದರೆ ಅದರ ಸಿಡಿಐ ಕೇಳಿ ತಂದು ಹಾಕಿ ನೋಡಿ, ಕಿಡಿ ಬಂದರೆ ಮಾತ್ರ ಹೊಸದು ಕೊಳ್ಳಬೇಕು.

ಸೆಲ್ಫ್ ಒತ್ತಿದಾಗ ಟಕ್ ಟಕ್ ಎಂದು ಮಾತ್ರ ಸದ್ದಾದರೆ ಬ್ಯಾಟರಿ ದುರ್ಬಲವಾಗಿದೆ ಇಲ್ಲವೇ ಜೋಡಣೆ ಸಡಿಲವಾಗಿದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ಕ್ಲಚ್ ಸ್ವಿಚ್, ರಿಲೇ ನೋಡಬೇಕು. ಫ್ಯೂಸ್ ಸುಟ್ಟಿದ್ದರೆ ಅದರ ಮೇಲೆ ಬರೆದಷ್ಟೇ ಆಂಪಿಯರಿನದನ್ನು ಹಾಕಬೇಕು. ಸಿಗರೇಟಿನ ಬೆಳ್ಳಿಕಾಗದವೋ ತಂತಿಯ ತುಂಡೋ ಇಟ್ಟು ಹೊರಟರೆ ಮುಂದಿನ ಸಲ ಸುಡುವುದು ಇಡೀ ವೈರಿಂಗ್.

ವೈರಿಂಗ್ ಮತ್ತು ಅರ್ಥ್

ಚಿತ್ತಾಪುರದ ಕಡೆ ಒಂದು ಮನೆಯಲ್ಲಿ ಹೊಸ ಬ್ಯಾಟರಿ, ಹೊಸ ರಿಲೇ ಎರಡನ್ನೂ ಹಾಕಿಸಿದ್ದರೂ ಸೆಲ್ಫ್ ಎತ್ತದ ಗಾಡಿಯೊಂದನ್ನು ನೋಡಿದೆ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ನಿನ ಬೋಲ್ಟಿಗೂ ಹಿಡಿದು ಸೆಲ್ಫ್ ಒತ್ತಿದಾಗ ಎರಡು ವೋಲ್ಟಿಗಿಂತ ಹೆಚ್ಚು ತೋರಿಸಿತು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಲೇಬಾರದು. ಅರ್ಥ್ ವೈರ್ ಚಾಸಿಗೆ ಕೂಡುವ ಬೋಲ್ಟನ್ನು ಬಿಚ್ಚಿದರೆ ಬಳೆಯಂಥ ತುದಿಯ ಕೆಳಗೆ ತುಕ್ಕಿನ ದಪ್ಪ ಪದರವೇ ಇತ್ತು. ಉಸುಕಿನ ಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದ ಮೇಲೆ ಗಾಡಿ ಎದ್ದಿತು.

ಇಲಿ ಕಡಿದ ವೈರುಗಳನ್ನು ಸೀಟಿನ ಕೆಳಗೆ, ಟ್ಯಾಂಕಿನ ಅಡಿಯಲ್ಲಿ ಮತ್ತು ಹ್ಯಾಂಡಲ್ ತಿರುಗುವ ಕತ್ತಿನ ಹತ್ತಿರ ಹುಡುಕಬೇಕು. ಹೊರಗಿನ ಪ್ಲಾಸ್ಟಿಕ್ ಸರಿಯಿದ್ದು ಒಳಗಿನ ತಾಮ್ರ ತುಂಡಾಗಿರುವುದೂ ಉಂಟು. ಚಾವಿ ಆನ್ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ತಿರುಗಿಸುವಾಗ ದೀಪ ಆರಿ ಹೊತ್ತಿದರೆ ದೋಷ ಕತ್ತಿನಲ್ಲೇ ಇದೆ. ತುಂಡಾದ ವೈರನ್ನು ಅಷ್ಟೇ ದಪ್ಪದ ವೈರಿನಿಂದ ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ತೊಡಿಸಬೇಕು. ಬರೀ ಟೇಪ್ ಸುತ್ತಿದರೆ ನಮ್ಮ ಮೇ ತಿಂಗಳ ಬಿಸಿಲಿಗೆ ಅದರ ಅಂಟು ಕರಗಿ ಟೇಪ್ ಜಾರುತ್ತದೆ, ವೈರ್ ಚಾಸಿಗೆ ತಾಗಿ ಶಾರ್ಟ್ ಆಗುತ್ತದೆ. ವೈರುಗಳನ್ನು ಒಂದಕ್ಕೊಂದು ಕೂಡಿಸುವ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚಿ, ಹಸಿರು ಕಂಡಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮತ್ತೆ ಕಟ್ಟೆಂದು ಕೂಡುವವರೆಗೆ ಒತ್ತಬೇಕು. ಬೇಸರ ತರಿಸುವ ಕೆಲಸವೇನೋ ಹೌದು, ಆದರೆ ಆಗಾಗ ಬಂದು ಹೋಗುವ ದೋಷಗಳಲ್ಲಿ ಹೆಚ್ಚಿನವು ಈ ಕೆಲಸದಿಂದಲೇ ನಿವಾರಣೆಯಾಗುತ್ತವೆ.

ಎಂಜಿನ್ ಎದ್ದ ಮೇಲೆ

ಸಿಲಿಂಡರಿಗೆ ಹಾಕಿದ ಆಯಿಲ್ ಸುಡುವವರೆಗೆ ಸ್ವಲ್ಪ ಬಿಳಿ ಹೊಗೆ ಬರುತ್ತದೆ, ಆತಂಕ ಬೇಡ. ರೇಸ್ ಏರಿಸದೆ ಕೆಲವು ನಿಮಿಷ ನಿಧಾನಗತಿಯಲ್ಲಿ ಓಡಿಸಿ, ಪೈಪಿನ ಜೋಡಣೆಗಳಲ್ಲಿ ಹನಿ ಕಾಣುತ್ತದೆಯೇ ನೋಡಬೇಕು. ಆಮೇಲೆ ರೇಸ್ ಸ್ವಲ್ಪ ಏರಿಸಿ ಬ್ಯಾಟರಿಯ ತುದಿಗೆ ಮೀಟರ್ ಹಿಡಿದಾಗ 13.5ರಿಂದ 14.5 ವೋಲ್ಟ್ ಬರಬೇಕು. 13ನ್ನೂ ದಾಟದಿದ್ದರೆ ಚಾರ್ಜಿಂಗ್ ಆಗುತ್ತಿಲ್ಲ. 15 ಮೀರಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಅದನ್ನು ಬದಲಿಸದೆ ಓಡಿಸಿದರೆ ಹೊಸ ಬ್ಯಾಟರಿಯೂ ಬಲ್ಬುಗಳೂ ಹೋಗುತ್ತವೆ. ರಸ್ತೆಗೆ ಇಳಿಯುವ ಮುಂಚೆ ಬ್ರೇಕ್, ಟೈರಿನ ಬಿರುಕು, ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ ಇವನ್ನು ನೋಡಿಕೊಳ್ಳಬೇಕು.

ಮತ್ತೆ ಊರು ಬಿಟ್ಟು ಹೋಗುವಾಗ ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿರುವ ಪೆಟ್ರೋಲ್ ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ತೇವಕ್ಕೆ ಎಡೆಯಾಗದಂತೆ ಟ್ಯಾಂಕನ್ನು ತುಂಬಿಸಿಡಬೇಕು. ಇಂಜೆಕ್ಟರ್ ಗಾಡಿಗೆ ಟ್ಯಾಂಕ್ ತುಂಬಿಸುವುದಷ್ಟೇ ಸಾಕು. ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂಪಾದ ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡುವಂತೆ ಮನೆಯವರಿಗೆ ಹೇಳಿಹೋಗಬೇಕು. ಗಾಡಿಯನ್ನು ಕಾಳಿನ ಚೀಲಗಳಿಂದ ದೂರ ನಿಲ್ಲಿಸಿ, ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಅದರ ಒಂದು ತುದಿ ಉದ್ದಕ್ಕೆ ಹೊರಗೆ ಕಾಣುವಂತೆ ಬಿಡಬೇಕು. ಮುಂದಿನ ಸಲ ಚಾಲೂ ಮಾಡುವವರು ಬೇರೆಯವರಾಗಿದ್ದರೂ ಅದನ್ನು ಕಂಡು ಮೊದಲು ತೆಗೆಯುತ್ತಾರೆ.